ಲೋಕಸ್ಟ್ ಮರದ ಬಿಲ್ಲು: ಬೆನ್ನಿನ ಚಿಂತೆ ಬಿಡಿ, ಹೊಟ್ಟೆ ನೋಡಿಕೊಳ್ಳಿ

ಪ್ರಶ್ನೆ: ನಾವು ಮೈಸೂರಿನವರು. ಈಗ ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ಆಶ್‌ವಿಲ್ ಹತ್ತಿರ ಇದ್ದೇವೆ. 2024ರ ಹೆಲೀನ್ ಚಂಡಮಾರುತಕ್ಕೆ ಪಕ್ಕದ ಮನೆಯವರ ಲೋಕಸ್ಟ್ ಮರ ವಾಲಿಕೊಂಡಿತ್ತು. ಈ ಚಳಿಗಾಲ ಅದನ್ನು ಕಡಿಸಿದರು. ಏಳಡಿ ಉದ್ದ, ಒಂಬತ್ತು ಇಂಚು ದಪ್ಪದ ಎರಡು ತುಂಡು ನನಗೆ ಕೊಟ್ಟಿದ್ದಾರೆ. ಇಂಗ್ಲಿಷ್ ಲಾಂಗ್‌ಬೋ ಥರ ತೆಳ್ಳಗೆ, ದುಂಡಗೆ, ಎಳೆಯಲು 50 ಪೌಂಡ್ ಬಲ ಬೇಕಾಗುವ ಬಿಲ್ಲು ಮಾಡುವ ಆಸೆ. ಮರಗೆಲಸ ಅಷ್ಟಿಷ್ಟು ಬರುತ್ತದೆ, ಬಿಲ್ಲು ಮಾತ್ರ ಮಾಡಿಲ್ಲ. ಈ ಮರ ಆಗುತ್ತದಾ? ಹೇಗೆ ಒಣಗಿಸಬೇಕು? ಮುಂದೆ ಮೈಸೂರಿಗೆ ತಂದರೆ ಅಲ್ಲಿನ ಹವೆಗೆ ತಡೆಯುತ್ತದಾ?

ಉತ್ತರ: ಮರ ಆಗುತ್ತದೆ. ಚೆನ್ನಾಗಿಯೇ ಆಗುತ್ತದೆ. ಆಗದಿರುವುದು ನಿಮ್ಮ ಮನಸ್ಸಿನಲ್ಲಿರುವ ಬಿಲ್ಲಿನ ಆಕಾರ. ತೆಳ್ಳಗೆ, ದುಂಡಗೆ ಅಂದಿರಲ್ಲ, ಅದನ್ನು ಮೊದಲು ತಲೆಯಿಂದ ತೆಗೆಯಿರಿ. ಯಾಕೆ ಅಂತ ಗೊತ್ತಾದರೆ ಮಿಕ್ಕ ಕೆಲಸದ ಅರ್ಧ ದಾರಿ ತಾನಾಗೇ ಕಾಣುತ್ತದೆ.

ಬಿಲ್ಲನ್ನು ಎಳೆದಾಗ ಗುರಿಯ ಕಡೆಗಿರುವ ಮೈ ಹಿಗ್ಗುತ್ತದೆ, ನಮ್ಮ ಕಡೆಗಿರುವ ಮೈ ಕುಗ್ಗುತ್ತದೆ. ಹಿಗ್ಗುವ ಮೈಗೆ ಬೆನ್ನು ಅನ್ನುತ್ತಾರೆ, ಕುಗ್ಗುವ ಮೈಗೆ ಹೊಟ್ಟೆ. ನಡುವೆ ಎಲ್ಲೋ ಒಂದು ಪದರ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆ ಪದರದಿಂದ ದೂರ ಹೋದಷ್ಟೂ ಮರಕ್ಕೆ ಕಷ್ಟ ಜಾಸ್ತಿ. ಅಂದರೆ ದಪ್ಪ ಬಿಲ್ಲಿನ ಬೆನ್ನು ಹೊಟ್ಟೆ ಎರಡೂ ಹೆಚ್ಚು ನರಳುತ್ತವೆ. ಲೋಕಸ್ಟ್ ಮರದ ಸ್ವಭಾವ ಏನಪ್ಪಾ ಅಂದರೆ, ಹಿಗ್ಗುವುದರಲ್ಲಿ ಅದು ಬಲು ಗಟ್ಟಿ, ಕುಗ್ಗುವುದರಲ್ಲಿ ಆ ಮಟ್ಟದ್ದಲ್ಲ. ಹೊಸಬರೆಲ್ಲ ಬೆನ್ನು ಸೀಳಿ ಬಿಲ್ಲು ಮುರಿದೀತು ಅಂತ ಹೆದರುತ್ತಾರೆ. ಬೆನ್ನನ್ನು ಸರಿಯಾಗಿ ತೆಗೆದಿದ್ದರೆ ಲೋಕಸ್ಟ್ ಬಿಲ್ಲು ಹಾಗೆ ಮುರಿಯುವುದು ಕಡಿಮೆ. ಅದು ಸೋಲುವುದು ಹೊಟ್ಟೆಯಲ್ಲಿ, ಅದೂ ಸದ್ದಿಲ್ಲದೆ.

ಸೋತಾಗ ಏನು ಕಾಣುತ್ತದೆ ಗೊತ್ತಾ? ಹೊಟ್ಟೆಯ ಮೇಲೆ ಎಳೆಗಳಿಗೆ ಅಡ್ಡವಾಗಿ ಕೂದಲೆಳೆಯಷ್ಟು ಸಣ್ಣ ಗೆರೆ. ಮೊದಲಿಗೆ ಪೆನ್ಸಿಲ್ ಗೀಚೇನೋ ಅನ್ನಿಸುತ್ತದೆ. ಉಗುರು ಆಡಿಸಿ ನೋಡಿ, ಚೂರು ತಡೆಯುತ್ತದೆ. ಬಿಲ್ಲನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಪಕ್ಕದಲ್ಲೇ ಇನ್ನೂ ಎರಡು ಮೂರು ಕಾಣಬಹುದು. ಅಲ್ಲಿ ಮರದ ಎಳೆಗಳು ಒತ್ತಡ ತಾಳದೆ ಮಡಚಿಕೊಂಡಿವೆ. ಇದಕ್ಕೆ ಕ್ರಿಸಲ್ ಅಂತ ಹೆಸರು, ಕೆಲವರು ಫ್ರೆಟ್ ಅನ್ನುತ್ತಾರೆ. ಲೋಕಸ್ಟ್ ಕೆಲಸ ಮಾಡುವವರೆಲ್ಲ ಇದನ್ನು ಒಮ್ಮೆಯಾದರೂ ನೋಡಿಯೇ ಇರುತ್ತಾರೆ.

ಇಂಗ್ಲಿಷ್ ಲಾಂಗ್‌ಬೋ ಯೂ ಮರದ ಬಿಲ್ಲು. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಯುದ್ಧಹಡಗು ಮೇರಿ ರೋಸ್ ಅನ್ನು 1982ರಲ್ಲಿ ಮೇಲೆತ್ತಿದರು. ಅದರಲ್ಲಿ ಸಿಕ್ಕ ನೂರಕ್ಕೂ ಹೆಚ್ಚು ಬಿಲ್ಲುಗಳು ಇದೇ ಮರದವು. ಯೂ ಮರದ ಚೇಗು ಕುಗ್ಗುವುದಕ್ಕೆ ಹೇಳಿ ಮಾಡಿಸಿದ್ದು, ಅದರ ಮೇಲಿನ ಬಿಳಿ ಭಾಗ ಹಿಗ್ಗುವುದಕ್ಕೆ. ಹಾಗಾಗಿ ಹೊಟ್ಟೆಯನ್ನು ದುಂಡಗೆ, ದಪ್ಪಗೆ ಬಿಟ್ಟರೂ ಅದು ತಾಳಿಕೊಳ್ಳುತ್ತದೆ. ಹೊಟ್ಟೆ ದುಂಡಗಿದ್ದರೆ ಒತ್ತಡವೆಲ್ಲ ನಡುವಿನ ಸಣ್ಣ ಪಟ್ಟಿಯ ಮೇಲೆ ಬೀಳುತ್ತದೆ. ನಾಲ್ಕು ಜನ ಹೊರಬೇಕಾದ ಪಲ್ಲಕ್ಕಿಗೆ ಇಬ್ಬರನ್ನೇ ನಿಲ್ಲಿಸಿದ ಹಾಗೆ. ಲೋಕಸ್ಟಿನ ಹೊಟ್ಟೆಗೆ ಇದು ಆಗದ ಮಾತು. ಅದಕ್ಕೆ ಅಗಲ ಬೇಕು, ಚಪ್ಪಟೆ ಬೇಕು.

ನೀವಿರುವ ಜಾಗದವರಿಗೆ ಇದು ಮೊದಲೇ ಗೊತ್ತಿತ್ತು. ಲೋಕಸ್ಟ್ ಅಪಲೇಶಿಯನ್ ಬೆಟ್ಟಗಳದೇ ಮರ. ಆ ಬೆಟ್ಟಗಳ ಮೂಲನಿವಾಸಿಗಳಾದ ಚೆರೋಕೀ ಜನ ಬಿಲ್ಲಿಗೆ ಬಳಸುತ್ತಿದ್ದ ಮುಖ್ಯ ಮರ ಇದೇ. ಅವರ ಬಿಲ್ಲು ಅಡ್ಡಕ್ಕೆ ಕೊಯ್ದು ನೋಡಿದರೆ ಚಪ್ಪಟೆ, ಹೆಚ್ಚುಕಡಿಮೆ ಆಯತ. ಕರಾವಳಿಯ ಕಡೆಗೂ ಇದು ಗೊತ್ತಿತ್ತು. 1610ರಲ್ಲಿ ವರ್ಜೀನಿಯಾಕ್ಕೆ ಬಂದು ಅಲ್ಲಿನ ವಸಾಹತಿನ ಕಾರ್ಯದರ್ಶಿಯಾಗಿದ್ದ ವಿಲಿಯಂ ಸ್ಟ್ರೇಚಿ ಎಂಬ ಇಂಗ್ಲಿಷಿನವನು, ಅಲ್ಲಿನ ಜನ ಲೋಕಸ್ಟಿನ ಎಳೆ ಮರದಿಂದ ಬಿಲ್ಲು ಮಾಡುತ್ತಾರೆ, ಚಿಪ್ಪಿನಿಂದ ಹೆರೆದು ಆಕಾರ ಕೊಡುತ್ತಾರೆ ಅಂತ ಬರೆದಿಟ್ಟಿದ್ದಾನೆ. ಚಿಪ್ಪಿನಿಂದ ಹೆರೆಯುವುದು ಅಂದರೆ ಸುಮ್ನೆ ಮಾತಲ್ಲ. ನಾವು ಇವತ್ತು ಕೊನೆಯ ಹಂತದಲ್ಲಿ ಉಕ್ಕಿನ ಸ್ಕ್ರೇಪರ್ ಹಿಡಿದು ಮಾಡುವ ಕೆಲಸವೂ ಅದೇ. ಆಶ್‌ವಿಲ್‌ನಿಂದ ಒಂದು ಗಂಟೆ ಹಾದಿಯಲ್ಲಿ ಚೆರೋಕೀ ಊರಿದೆ, ಅಲ್ಲಿ ಅವರದೇ ಮ್ಯೂಸಿಯಂ ಇದೆ. ಉಳಿ ಹಿಡಿಯುವ ಮೊದಲು ಒಮ್ಮೆ ಹೋಗಿ ಬನ್ನಿ.

ಇದಕ್ಕೆ ಲೆಕ್ಕದ ಆಧಾರವೂ ಆಮೇಲೆ ಸಿಕ್ಕಿತು. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್, ಪಾಲ್ ಕ್ಲೋಪ್‌ಸ್ಟೆಗ್ ಎಂಬ ಅಮೆರಿಕದ ಭೌತವಿಜ್ಞಾನಿಗಳು ಬಿಲ್ಲುಗಳನ್ನು ಅಳೆದು, ಪರೀಕ್ಷೆ ಮಾಡಿ, ಒಂದೇ ತುಂಡು ಮರದ ಬಿಲ್ಲಿಗೆ ದುಂಡಗಿನ ಹೊಟ್ಟೆಗಿಂತ ಚಪ್ಪಟೆ ಹೊಟ್ಟೆಯೇ ಮೇಲು ಅಂತ ತೋರಿಸಿದರು. ಬೆಟ್ಟದ ಜನರಿಗೆ ಕೈಯಲ್ಲಿ ಗೊತ್ತಿದ್ದದ್ದು ಹೀಗೆ ಕಾಗದಕ್ಕೂ ಬಂತು.

ಈಗ ನಿಮ್ಮ ತುಂಡುಗಳಿಗೆ ಬರೋಣ. ಮೊದಲು ಅದು ಬ್ಲ್ಯಾಕ್ ಲೋಕಸ್ಟೇ ಹೌದಾ ನೋಡಿ. ಹನಿ ಲೋಕಸ್ಟ್ ಅಂತ ಇನ್ನೊಂದು ಮರ ಇದೆ, ಹೆಸರು ಕೇಳಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಹನಿ ಲೋಕಸ್ಟಿನ ಕಾಂಡದ ಮೇಲೇ ಕವಲೊಡೆದ ಉದ್ದುದ್ದ ಮುಳ್ಳು ಇರುತ್ತವೆ, ಚೇಗು ಕೆಂಪು ಛಾಯೆಯದು, ಸುತ್ತ ಬಿಳಿ ಭಾಗ ದಪ್ಪ. ನಮಗೆ ಬೇಕಾದ ಬ್ಲ್ಯಾಕ್ ಲೋಕಸ್ಟಿನಲ್ಲಿ ಎಲೆಯ ಬುಡದಲ್ಲಿ ಎರಡೆರಡು ಗಿಡ್ಡ ಮುಳ್ಳು, ತೊಗಟೆಯಲ್ಲಿ ಆಳವಾದ ಸೀಳು. ಚೇಗು ಹಸಿರು ಬೆರೆತ ಹಳದಿ, ಸುತ್ತ ಬಿಳಿ ಭಾಗ ಬರೀ ನಾಲ್ಕಾರು ಉಂಗುರ. ಮನೆಯಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಇದ್ದರೆ ರಾತ್ರಿ ಚೇಗಿನ ಮೇಲೆ ಬಿಡಿ. ಹಳದಿ ಹಸಿರಾಗಿ ಹೊಳೆಯುತ್ತದೆ. ಮಕ್ಕಳಿಗೆ ತೋರಿಸಿದರೆ ಖುಷಿಪಡುತ್ತಾರೆ.

ಗಾಳಿಗೆ ವಾಲಿದ ಮರ ಅಂತ ನೀವು ಹೇಳಿದ್ದು ಒಳ್ಳೆಯದಾಯಿತು. ತುಂಬಾ ಜನ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಿರುಗಾಳಿಗೆ ಕಾಂಡ ಬಾಗಿದಾಗ ಅದೂ ಒಂದು ಬಿಲ್ಲಿನಂತೆಯೇ ಕೆಲಸ ಮಾಡಿರುತ್ತದೆ. ವಾಲಿದ ದಿಕ್ಕಿನ ಕಡೆ ಎಳೆಗಳು ಒತ್ತಿಸಿಕೊಂಡಿರುತ್ತವೆ. ಒತ್ತಡ ಮಿತಿ ಮೀರಿದ್ದರೆ ಅಲ್ಲಿ ಮರದೊಳಗೇ ಅಡ್ಡ ಮಡಿಕೆಗಳು ಬಿದ್ದಿರುತ್ತವೆ. ಹಸಿ ಮರದಲ್ಲಿ ಅವು ಕಣ್ಣಿಗೆ ಬೀಳುವುದೇ ಕಷ್ಟ. ಅಂಥ ಮರವನ್ನು ಬೆನ್ನಿಗೆ ಹಾಕಿದರೆ ಮುನ್ಸೂಚನೆ ಇಲ್ಲದೆ ಲಟ್ಟನೆ ಮುರಿಯುತ್ತದೆ. ಹಾಗಾಗಿ ಯಾವ ಕಡೆಗೆ ವಾಲಿತ್ತು ಅಂತ ಪಕ್ಕದ ಮನೆಯವರನ್ನು ಕೇಳಿ, ತುಂಡಿನ ಕೊನೆಯಲ್ಲಿ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಕೆಳಮುಖವಾಗಿದ್ದ ಭಾಗ ಬಿಲ್ಲಿಗೆ ಬೇಡ. ಮೇಲ್ಮುಖದ್ದು ಒಣಗುವಾಗ ಸೊಟ್ಟಗಾಗುವ ಸಂಭವ ಇದೆ, ಅದನ್ನು ಎರಡನೆಯ ಆಯ್ಕೆಯಾಗಿ ಇಟ್ಟುಕೊಳ್ಳಿ. ಎಡ ಬಲದ ಎರಡು ಪಕ್ಕ ನಿಮ್ಮ ಒಳ್ಳೆಯ ಮಾಲು. ಎರಡು ತುಂಡಿನಿಂದ ಹೀಗೆ ನಾಲ್ಕು ಒಳ್ಳೆಯ ಸೀಳು ಸಿಕ್ಕರೆ ಸಾಕಲ್ವಾ?

ತೊಗಟೆಯ ಸೀಳುಗಳು ನೇರ ಮೇಲಕ್ಕೆ ಹೋಗಿದ್ದರೆ ಒಳಗಿನ ಎಳೆಯೂ ನೇರ. ತಿರುಚಿಕೊಂಡು ಹೋಗಿದ್ದರೆ ಎಳೆಯೂ ತಿರುಚಿರುತ್ತದೆ. ಇನ್ನೊಂದು, ಕೊಯ್ದ ಕೊನೆಯಲ್ಲಿ ಪೆನ್ಸಿಲ್ ಹೋಗುವಷ್ಟು ತೂತುಗಳಿವೆಯಾ ನೋಡಿ. ಲೋಕಸ್ಟ್ ಬೋರರ್ ಅನ್ನುವ ದುಂಬಿಯ ಮರಿ ಬದುಕಿದ ಮರದಲ್ಲೇ ಸುರಂಗ ಕೊರೆಯುತ್ತದೆ. ಅಮೆರಿಕದಲ್ಲಿ ಈ ಮರಕ್ಕೆ ದೊಡ್ಡ ಶತ್ರು ಅದು. ನಡುವಿನಲ್ಲಿ ಒಂದೆರಡು ತೂತು ಇದ್ದರೆ ಪರವಾಗಿಲ್ಲ, ಹೊರಗಿನ ಒಂದೂವರೆ ಇಂಚು ಚೊಕ್ಕವಾಗಿರಬೇಕು. ಅಮೆರಿಕ ಬಿಟ್ಟು ಹೋದ ಕಡೆ ಈ ಮರ ಇನ್ನೂ ಸುಖವಾಗಿದೆ ಅನ್ನಬಹುದು. ಪ್ಯಾರಿಸ್‌ನ ರಾಜನ ತೋಟಗಾರ ಜಾನ್ ರೋಬಾನ್ ಹೆಸರಿನಿಂದಲೇ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ರೊಬೀನಿಯಾ ಅಂತ ಕರೆದ. ಇವತ್ತು ಹಂಗೆರಿಯ ಕಾಡಿನ ಸುಮಾರು ಕಾಲು ಭಾಗ ಇದೇ ಮರ.

ಸೀಳುವುದನ್ನು ಮುಂದೂಡಬೇಡಿ. ಹಸಿ ಇರುವಾಗ ಲೋಕಸ್ಟ್ ಬೆಣೆಗೆ ಚೆನ್ನಾಗಿ ಬಾಯಿ ಬಿಡುತ್ತದೆ. ಗರಗಸದಿಂದ ಕೊಯ್ಯಬೇಡಿ. ಗರಗಸ ತನ್ನ ದಾರಿ ಹಿಡಿಯುತ್ತದೆ, ಬೆಣೆ ಎಳೆಯ ದಾರಿ ಹಿಡಿಯುತ್ತದೆ. ಕೊನೆಯಲ್ಲಿ ಆಗಲೇ ಬಿರುಕು ಬಿಟ್ಟಿದ್ದರೆ ಆ ಬಿರುಕಿನ ಉದ್ದಕ್ಕೇ ಮೊದಲ ಬೆಣೆ ಹೊಡೆಯಿರಿ. ಉಕ್ಕಿನ ಬೆಣೆ ಮೂರು, ಒಂದು ದೊಡ್ಡ ಸುತ್ತಿಗೆ, ಅಡ್ಡ ಹಾಯುವ ಎಳೆ ಕಡಿಯಲು ಒಂದು ಕೈಗೊಡಲಿ, ಇಷ್ಟು ಸಾಕು. ಎರಡು ಹೋಳು, ಆಮೇಲೆ ನಾಲ್ಕು. ಸೀಳಿದ ತಕ್ಷಣ ಎರಡೂ ಕೊನೆಗೆ ಮರದ ಗೋಂದು ದಪ್ಪಗೆ ಬಳಿಯಿರಿ. ಹಳೆಯ ಪೇಂಟ್ ಆದರೂ ನಡೆಯುತ್ತದೆ. ತಕ್ಷಣ ಅಂದರೆ ಅದೇ ದಿನ, ಊಟ ಮಾಡಿ ಬಂದು ಅಲ್ಲ.

ತೊಗಟೆಯನ್ನು ವಸಂತ ಬರುವುದರೊಳಗೆ ತೆಗೆಯಿರಿ. ತೊಗಟೆ ಇದ್ದರೆ ಅದರ ಕೆಳಗೆ ಹುಳು ಮೊಟ್ಟೆ ಇಡುತ್ತದೆ. ತೆಗೆಯುವಾಗ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ಈ ಮರದ ತೊಗಟೆಯಲ್ಲಿ ವಿಷ ಇದೆ, ತಿಂದ ಕುದುರೆಗಳಿಗೆ ಕಾಯಿಲೆ ಬರುತ್ತದೆ. ಹೆರೆದ ಸಿಪ್ಪೆಯನ್ನು ಗುಡಿಸಿ ದನ ಕುದುರೆ ಬಾಯಿ ಹಾಕದ ಕಡೆ ಹಾಕಿ. ಧೂಳೂ ಮೂಗು ಗಂಟಲಿಗೆ ಒಳ್ಳೆಯದಲ್ಲ.

ಇನ್ನು ಬೆನ್ನು. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟದ ಭಾಗ ಇದು. ಅವಸರದವರು ಕೆಡಿಸಿಕೊಳ್ಳುವುದೂ ಇಲ್ಲೇ.

ಲೋಕಸ್ಟಿನ ಪ್ರತಿ ವರ್ಷದ ಉಂಗುರದಲ್ಲಿ ಎರಡು ಪದರ ಇರುತ್ತವೆ. ವಸಂತದಲ್ಲಿ ಬೆಳೆದದ್ದು ತೂತು ತೂತಾದ ಮೆದು ಪದರ. ಬೇಸಿಗೆಯಲ್ಲಿ ಬೆಳೆದದ್ದು ಒತ್ತಾದ, ಗಟ್ಟಿ ಪದರ. ಬಿಲ್ಲಿನ ಬೆನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ವರ್ಷದ ಗಟ್ಟಿ ಪದರ ಆಗಿರಬೇಕು. ನಡುವೆ ಎಲ್ಲಿಯಾದರೂ ಕತ್ತಿ ಕೆಳಗಿನ ಉಂಗುರಕ್ಕೆ ಇಳಿದರೆ ಅಲ್ಲಿ ಎಳೆ ತುಂಡಾಯಿತು ಅಂತಲೇ ಅರ್ಥ. ಎಳೆದಾಗ ಸೀಳು ಅಲ್ಲಿಂದಲೇ ಏಳುತ್ತದೆ.

ಎರಡು ಹಿಡಿಯ ಡ್ರಾನೈಫ್ ತೆಗೆದುಕೊಳ್ಳಿ. ಮೊದಲು ಬಿಳಿ ಭಾಗ ತೆಗೆಯಿರಿ. ಬಿಳಿ ಭಾಗ ಉಳಿಸಿಕೊಂಡು ಬಿಲ್ಲು ಮಾಡುವವರೂ ಇದ್ದಾರೆ. ಆದರೆ ಕುಟ್ಟೆಹುಳಕ್ಕೆ ಅದು ಪ್ರೀತಿ, ಮೊದಲ ಬಿಲ್ಲಿಗೆ ಯಾಕೆ ರಗಳೆ? ಚೇಗಿಗೆ ಬಂದಮೇಲೆ ತುಂಡಿನ ಕೊನೆ ನೋಡಿ ಒಂದು ದಪ್ಪ ಉಂಗುರ ಆರಿಸಿ. ಗಟ್ಟಿ ಪದರವೇ ಎಂಟನೇ ಒಂದು ಇಂಚಿನ ಹತ್ತಿರ ಇದ್ದರೆ ಅದೃಷ್ಟ. ಆ ಉಂಗುರದ ಮೇಲಿನ ಮೆದು ಪದರ ಬರುವವರೆಗೆ ಹೆರೆಯುತ್ತಾ ಬನ್ನಿ. ಅದು ಬಂದದ್ದು ಕಿವಿಗೇ ಗೊತ್ತಾಗುತ್ತದೆ. ಗಟ್ಟಿ ಪದರದಲ್ಲಿ ಕತ್ತಿ ನಯವಾಗಿ ಜಾರುತ್ತದೆ, ಸುರುಳಿ ಸುರುಳಿಯಾಗಿ ಸಿಪ್ಪೆ ಬರುತ್ತದೆ. ಮೆದು ಪದರ ಬಂತೋ, ಕರಕರ ಅಂತ ಸದ್ದು, ಸಿಪ್ಪೆಯ ಬದಲು ಪುಡಿ. ಅಲ್ಲಿ ಕೈ ಹಗುರ ಮಾಡಿ. ಕತ್ತಿ ಬಿಟ್ಟು ಸ್ಕ್ರೇಪರ್ ಹಿಡಿಯಿರಿ. ಪುಡಿ ಹೋಗಿ ಹೊಳೆಯುವ ನುಣುಪು ಮೈ ಕಂಡಕೂಡಲೇ ನಿಲ್ಲಿಸಿ, ಒಂದು ಅಂಗೈ ಮುಂದಕ್ಕೆ ಸರಿಯಿರಿ. ದೀಪವನ್ನು ಪಕ್ಕದಲ್ಲಿಟ್ಟುಕೊಂಡರೆ ಪದರಗಳ ಅಂಚು ನೆರಳಿನಲ್ಲಿ ಎದ್ದು ಕಾಣುತ್ತದೆ. ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಈ ಕೆಲಸಕ್ಕೆ ದಂಡ.

ಬೆನ್ನು ಸಮತಟ್ಟಾಗಬೇಕು ಅಂತ ಎಲ್ಲೂ ಆಸೆಪಡಬೇಡಿ. ಉಂಗುರ ಉಬ್ಬಿದ ಕಡೆ ನೀವೂ ಉಬ್ಬಿ, ತಗ್ಗಿದ ಕಡೆ ತಗ್ಗಿ. ಗಂಟು ಬಂದರೆ ಉಂಗುರ ಅದರ ಸುತ್ತ ಸಣ್ಣ ದಿಬ್ಬದಂತೆ ಏರಿ ಇಳಿಯುತ್ತದೆ. ಅದನ್ನು ತೆಗೆದು ಮಟ್ಟ ಮಾಡಿದಿರೋ, ಕಥೆ ಮುಗಿಯಿತು. ಗಂಟಿನ ಅಕ್ಕಪಕ್ಕ ಸ್ವಲ್ಪ ಹೆಚ್ಚು ಅಗಲ ಬಿಡಿ.

ಬೆನ್ನು ಬಂದ ದಿನವೇ ಅದರ ಮೇಲೆ ಎರಡು ಕೋಟ್ ಶೆಲ್ಯಾಕ್ ಅಥವಾ ಗೋಂದು ಬಳಿಯಬೇಕು. ಬರೀ ಮೈ ಬಿಟ್ಟರೆ ಲೋಕಸ್ಟ್ ಬೆನ್ನಿನಲ್ಲಿ ಬಿರುಕು ಬಿಡುತ್ತದೆ.

ಹೇಗೆ ಒಣಗಿಸಬೇಕು ಅಂತ ಕೇಳಿದ್ದೀರಿ. ಇಂಚಿಗೆ ಒಂದು ವರ್ಷ ಅನ್ನುವ ಹಳೆಯ ಲೆಕ್ಕ ಇದೆ. ಅಷ್ಟು ಕಾಯಬೇಕಿಲ್ಲ. ಹಸಿ ಸೀಳನ್ನೇ ಬಿಲ್ಲಿನ ಒರಟು ಆಕಾರಕ್ಕೆ ತಂದುಬಿಡಿ. ಅಗಲ ಎರಡೂವರೆ ಇಂಚು, ದಪ್ಪ ಒಂದು ಇಂಚು, ಹಿಡಿಯ ಕಡೆ ಎರಡು ಇಂಚು. ಅದನ್ನು ನೇರವಾದ ಒಂದು ದಪ್ಪ ಹಲಗೆಗೆ ನಾಲ್ಕೈದು ಕಡೆ ಕ್ಲ್ಯಾಂಪ್ ಹಾಕಿ ಬಿಗಿಯಿರಿ, ಸೊಟ್ಟಗಾಗುವುದು ತಪ್ಪುತ್ತದೆ. ಮೊದಲ ಕೆಲವು ವಾರ ಗ್ಯಾರೇಜಿನ ತಂಪಿನಲ್ಲಿ, ಆಮೇಲೆ ಮನೆಯೊಳಗೆ. ಹೀಟರ್ ಹತ್ತಿರ ಮಾತ್ರ ಇಡಬೇಡಿ. ವಾರಕ್ಕೊಮ್ಮೆ ಕ್ಲ್ಯಾಂಪ್ ಬಿಚ್ಚಿ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ಮರದ ಮೇಲೇ ಬರೆಯಿರಿ. ಮೊದಲಿಗೆ ತೂಕ ಬೇಗ ಇಳಿಯುತ್ತದೆ, ಆಮೇಲೆ ನಿಧಾನ. ಮೂರು ನಾಲ್ಕು ವಾರ ಒಂದೇ ಅಂಕಿ ಬಂದರೆ ಮರ ಆ ಕೋಣೆಯ ಹವೆಗೆ ಒಗ್ಗಿತು ಅಂತ ಅರ್ಥ. ಕೋಣೆಯ ತೇವಾಂಶ 50 ಶೇಕಡಾದ ಆಸುಪಾಸು ಇದ್ದರೆ ಮರದ ತೇವ 9ರ ಹತ್ತಿರಕ್ಕೆ ಬರುತ್ತದೆ, ನಮಗೆ ಬೇಕಾದ್ದೂ ಅದೇ. ಈ ಹಂತದಲ್ಲಿ ಅವಸರ ಮಾಡಿದವರ ಬಿಲ್ಲು ಎಳೆದ ಹಾಗೇ ಬಾಗಿ ನಿಂತುಬಿಡುತ್ತದೆ. ಹಸಿ ಮರ ಮುರಿಯುವುದಿಲ್ಲ, ಆದರೆ ಅದರ ಹೊಟ್ಟೆ ಒತ್ತಿಸಿಕೊಂಡು ಮತ್ತೆ ಮೇಲೇಳುವುದಿಲ್ಲ. ಈ ಶಾಶ್ವತ ಬಾಗಿಗೆ ಸೆಟ್ ಅನ್ನುತ್ತಾರೆ.

ಅಳತೆ ಹೇಳುತ್ತೇನೆ. ನೀವು 28 ಇಂಚು ಎಳೆಯುತ್ತೀರಿ ಅಂದುಕೊಂಡಿದ್ದೇನೆ. ತುದಿಯಲ್ಲಿ ಹೆದೆ ಕೂರುವ ಕಚ್ಚಿನಿಂದ ಕಚ್ಚಿಗೆ 68 ಇಂಚು ಉದ್ದ ಇಡಿ. ನಡುವೆ ನಾಲ್ಕು ಇಂಚಿನ ಹಿಡಿ, ಅದರ ಎರಡೂ ಕಡೆ ಎರಡೆರಡು ಇಂಚಿನಲ್ಲಿ ದಪ್ಪ ಇಳಿಯುತ್ತಾ ಹೋಗಲಿ. ಈ ಎಂಟು ಇಂಚು ಬಾಗಬಾರದು. ಉಳಿದದ್ದು ತೋಳಿಗೆ ಮೂವತ್ತು ಮೂವತ್ತು ಇಂಚು. ತೋಳಿನ ಅಗಲ ಅರ್ಧದವರೆಗೆ ಪೂರಾ ಎರಡು ಇಂಚು, ಅಲ್ಲಿಂದ ಇಳಿಯುತ್ತಾ ತುದಿಯಲ್ಲಿ ಅರ್ಧ ಇಂಚು. ಹೊಟ್ಟೆ ಉಜ್ಜುಗೊರಡು ಹೊಡೆದಷ್ಟು ಚಪ್ಪಟೆ, ಅಂಚು ಮಾತ್ರ ಸ್ವಲ್ಪ ಮೊಂಡು. ಮತ್ತೆ 50 ಪೌಂಡಿನ ಆಸೆ ಬಿಡಿ. ಮೊದಲ ಬಿಲ್ಲು 40 ಇರಲಿ. 40ರ ಬಿಲ್ಲು ಚೆನ್ನಾಗಿ ಬಂದರೆ ದಿನಾ ಹೊಡೆಯಬಹುದು. 50ರದ್ದು ಹೊಟ್ಟೆ ಕೆಡಿಸಿಕೊಂಡರೆ ಗೋಡೆಗೆ ತೂಗುಹಾಕಬೇಕು.

ಒಂದು ಕಿಟುಕು ಇದೆ. ಬೆನ್ನು ಅಷ್ಟೊಂದು ಗಟ್ಟಿ ಅಂದೆವಲ್ಲ, ಅದರಲ್ಲಿ ಸ್ವಲ್ಪ ಬಿಟ್ಟುಕೊಡಬಹುದು. ಎರಡೂ ಪಕ್ಕಗಳನ್ನು ಓರೆಯಾಗಿ ಹೆರೆದು ಬೆನ್ನಿನ ಅಗಲವನ್ನು ಹೊಟ್ಟೆಗಿಂತ ಕಡಿಮೆ ಮಾಡಿ. ಹೊಟ್ಟೆ ಎರಡು ಇಂಚು ಇದ್ದರೆ ಬೆನ್ನು ಒಂದೂವರೆ. ಆಗ ಬೆನ್ನು ಹೆಚ್ಚು ಹಿಗ್ಗುತ್ತದೆ, ಹೊಟ್ಟೆಯ ಮೇಲಿನ ಭಾರ ಇಳಿಯುತ್ತದೆ. ಬೇರೆ ಮರದಲ್ಲಿ ಇದು ಅಪಾಯ. ಲೋಕಸ್ಟಿಗೆ ಮಾತ್ರ ಮೈಗೆ ಹೊಲಿದ ಅಂಗಿ ಅನ್ನಿ. ಪಕ್ಕದ ಓರೆ ಹೆರೆಯುವಾಗ ಬೆನ್ನಿನ ಮೇಲ್ಮೈಯನ್ನು ಮಾತ್ರ ಮುಟ್ಟಬಾರದು.

ಇನ್ನು ಬಾಗು ತಿದ್ದುವ ಕೆಲಸ, ಇಂಗ್ಲಿಷಿನವರು ಟಿಲ್ಲರಿಂಗ್ ಅನ್ನುವುದು. ದಪ್ಪದ ವಿಷಯದಲ್ಲಿ ಒಂದು ಲೆಕ್ಕ ನೆನಪಿರಲಿ. ಬಿಗಿ ಅಗಲಕ್ಕೆ ತಕ್ಕಂತೆ ನೇರವಾಗಿ ಏರುತ್ತದೆ, ದಪ್ಪಕ್ಕೆ ತಕ್ಕಂತೆ ಘನದ ಲೆಕ್ಕದಲ್ಲಿ ಏರುತ್ತದೆ. ದಪ್ಪ ಹತ್ತು ಶೇಕಡಾ ಇಳಿಸಿದರೆ ಬಿಗಿ 27 ಶೇಕಡಾ ಇಳಿಯುತ್ತದೆ. ಅರ್ಧ ಇಂಚು ದಪ್ಪದ ತೋಳಿನಲ್ಲಿ ಹತ್ತು ಶೇಕಡಾ ಅಂದರೆ ಎರಡು ಉಗುರಿನ ದಪ್ಪಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದ್ದರಿಂದ ಶುರುವಿನಲ್ಲಿ ಅರ ಉಪಯೋಗಿಸಿ, ಬಾಗಲು ಶುರುವಾದ ಮೇಲೆ ಸ್ಕ್ರೇಪರ್ ಬಿಟ್ಟು ಬೇರೇನೂ ಹಿಡಿಯಬೇಡಿ.

ತೋಳು ಮುಕ್ಕಾಲು ಇಂಚಿಗಿಂತ ಕೆಳಗೆ ಬಂದಮೇಲೆ ಬಿಲ್ಲಿನ ಒಂದು ತುದಿಯನ್ನು ನೆಲಕ್ಕೆ ಊರಿ, ಹಿಡಿಯ ಮೇಲೆ ಒತ್ತಿ ನೋಡಿ. ಎರಡೂ ತೋಳು ಹೆಚ್ಚುಕಡಿಮೆ ಒಂದೇ ಥರ ಬಾಗಿದರೆ ತುದಿಗೆ ಕಚ್ಚು ಕೊರೆಯಿರಿ, ಸಡಿಲವಾದ ಉದ್ದ ದಾರ ಕಟ್ಟಿ. ಗೋಡೆಗೆ ಒಂದು ಗಟ್ಟಿ ಕೊಂಡಿ, ಅದರ ಮೇಲೆ ಬಿಲ್ಲಿನ ಹಿಡಿ, ಕೆಳಗೆ ರಾಟೆ, ಸಾಮಾನು ತೂಗುವ ಸ್ಪ್ರಿಂಗ್ ತಕ್ಕಡಿ. ಹಗ್ಗ ಹಿಡಿದು ದೂರ ನಿಂತು ಎಳೆದರೆ ಬಿಲ್ಲು ಬಾಗುವುದು ಪೂರ್ತಿ ಕಾಣುತ್ತದೆ. ಹಿಂದಿನ ಗೋಡೆಯ ಮೇಲೆ ಗೆರೆಗಳನ್ನು ಎಳೆದಿದ್ದರೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಅನ್ನುವುದು ತಕ್ಷಣ ತಿಳಿಯುತ್ತದೆ. ಫೋನಿನಲ್ಲಿ ಫೋಟೋ ತೆಗೆದು ತಿರುಗಿಸಿ ನೋಡಿ, ಕಣ್ಣಿಗೆ ತಪ್ಪಿದ್ದು ಅಲ್ಲಿ ಸಿಗುತ್ತದೆ.

ನಿಯಮ ಒಂದೇ. 40 ಪೌಂಡಿನ ಬಿಲ್ಲು ಬೇಕಿದ್ದರೆ ಯಾವ ಹಂತದಲ್ಲೂ 40ಕ್ಕಿಂತ ಜಾಸ್ತಿ ಎಳೆಯಬಾರದು. ತಕ್ಕಡಿ 40 ತೋರಿಸಿದಾಗ ದಾರ ಬರೀ 15 ಇಂಚು ಬಂದಿರಬಹುದು. ಅಲ್ಲಿಗೆ ನಿಲ್ಲಿ. ಬಿಗಿ ಇರುವ ಕಡೆ ಹೊಟ್ಟೆಯಿಂದ ಹೆರೆಯಿರಿ, ಎಂದೂ ಬೆನ್ನಿನಿಂದಲ್ಲ. ಹೆರೆದಮೇಲೆ ಅದೇ ದೂರಕ್ಕೆ ಮೂವತ್ತು ಸಲ ಮೆಲ್ಲಗೆ ಎಳೆದು ಬಿಡಿ. ಮರಕ್ಕೆ ಹೊಸ ಬಾಗು ತಿಳಿಯಲು ಅಷ್ಟು ಬೇಕು. ಆಮೇಲೆ ನೋಡಿ, ಆಮೇಲೆ ಮತ್ತೆ ಹೆರೆಯಿರಿ. ಬಾಗು ಸಮನಾಗಿ ಬರತೊಡಗಿದಾಗ ಗಿಡ್ಡ ಹೆದೆ ಏರಿಸಿ, ಮೊದಲು ಮೂರು ನಾಲ್ಕು ಇಂಚು ಎತ್ತರಕ್ಕೆ, ಕೊನೆಗೆ ಆರು ಇಂಚಿಗೆ. ಹೆದೆಗೆ ಪಾಲಿಯೆಸ್ಟರ್ ದಾರ ಸಾಕು. ಹಿಗ್ಗದೇ ಇರುವ ಹೊಸ ನಮೂನೆಯ ದಾರಗಳು ಮರದ ತುದಿಗೆ ಒರಟು.

ಈ ಹಂತದ ಉದ್ದಕ್ಕೂ ಕಣ್ಣು ಹೊಟ್ಟೆಯ ಮೇಲೆ ಇರಲಿ. ಒಂದೇ ಜಾಗ ಹೆಚ್ಚು ಬಾಗುತ್ತಿದೆ ಅನ್ನಿಸಿದರೆ ಅಲ್ಲಿ ಸೀಸದ ಕಡ್ಡಿಯಿಂದ ಅಡ್ಡ ಗೀಚಿ ಗುರುತು ಮಾಡಿ. ಅದನ್ನು ಮುಟ್ಟಬೇಡಿ, ಅದರ ಅಕ್ಕಪಕ್ಕ ಹೆರೆಯಿರಿ. ಬೇರೆ ಮರ ಸಣ್ಣಪುಟ್ಟ ತಪ್ಪನ್ನು ಸ್ವಲ್ಪ ಸೆಟ್ ತೆಗೆದುಕೊಂಡು ನುಂಗಿಬಿಡುತ್ತದೆ. ಲೋಕಸ್ಟ್ ಕ್ರಿಸಲ್ ಬಿಟ್ಟು ತೋರಿಸುತ್ತದೆ. ಒಂದೆರಡು ಸಣ್ಣ ಗೆರೆ ಬಂದೇಬಿಟ್ಟಿತು ಅನ್ನಿ, ಎಲ್ಲ ಹೋಯಿತು ಅಂತ ಅಲ್ಲ. ಗೆರೆ ಬಿದ್ದ ಜಾಗ ಮುಟ್ಟದೆ, ಬಾಗು ಉಳಿದ ಕಡೆ ಹಂಚಿಹೋಗುವ ಹಾಗೆ ಆ ಉಳಿದ ಕಡೆಯೇ ಹೆರೆದು, ಬಿಲ್ಲಿನ ಬಿಗಿಯನ್ನು ಐದಾರು ಪೌಂಡ್ ಇಳಿಸಿಕೊಂಡರೆ ಅನೇಕ ಸಲ ಅದು ಅಲ್ಲಿಗೇ ನಿಲ್ಲುತ್ತದೆ. ಗೆರೆ ದಿನೇ ದಿನೇ ಉದ್ದವಾಗುತ್ತಿದ್ದರೆ ಆ ಬಿಲ್ಲನ್ನು ಎಳೆಯಬೇಡಿ.

ಹೊಟ್ಟೆಯನ್ನು ಬಿಸಿಗಾಳಿಯಲ್ಲಿ ಹದ ಮಾಡಿ ಗಟ್ಟಿ ಮಾಡುವ ವಿದ್ಯೆ ಈಗ ಜನಪ್ರಿಯ. ಪಳಗಿದ ಕೈಯಲ್ಲಿ ಅದರಿಂದ ಉಪಯೋಗ ಇದೆ. ಆದರೆ ಅವಸರದ ಬಿಸಿಗೆ ಲೋಕಸ್ಟ್ ಬಿರುಕು ಬಿಡಬಹುದು. ಮೊದಲ ಬಿಲ್ಲಿನಲ್ಲಿ ಅದು ಬೇಡ, ಅಗಲವೇ ನಿಮ್ಮನ್ನು ಕಾಪಾಡುತ್ತದೆ. ಸೊಟ್ಟ ಇದ್ದರೆ ಪೂರ್ತಿ ಒಣಗುವ ಮೊದಲೇ ಹಬೆ ಕೊಟ್ಟು ನೇರ ಮಾಡಿಕೊಳ್ಳಿ.

ಮುಗಿದ ಬಿಲ್ಲಿಗೆ ಟಂಗ್ ಎಣ್ಣೆಯೋ ಶೆಲ್ಯಾಕೋ ಐದಾರು ಕೋಟ್. ಅದು ತೇವ ಒಳಗೆ ಹೋಗುವುದನ್ನು ನಿಧಾನ ಮಾಡುತ್ತದೆ, ತಡೆಯುವುದಿಲ್ಲ. ಹೊಡೆಯದೇ ಇದ್ದಾಗ ಹೆದೆ ಇಳಿಸಿ, ಬಿಲ್ಲನ್ನು ಎರಡು ಗೂಟದ ಮೇಲೆ ಅಡ್ಡಕ್ಕೆ ಮಲಗಿಸಿಡಿ. ಬಾಣ ಇಲ್ಲದೆ ಹೆದೆ ಎಳೆದು ಬಿಡಲು ಯಾರಿಗೂ ಕೊಡಬೇಡಿ. ಮನೆಗೆ ಬಂದ ನೆಂಟರು ಮೊದಲು ಮಾಡುವ ಕೆಲಸವೇ ಅದು. ಹಿತ್ತಲಿನಲ್ಲಿ ಹೊಡೆಯುವ ಮೊದಲು ನಿಮ್ಮ ಊರಿನ ನಿಯಮ ವಿಚಾರಿಸಿಕೊಳ್ಳಿ.

ಕೊನೆಗೆ ಮೈಸೂರಿನ ಮಾತು. ಬೇಸಿಗೆಯ ಮೈಸೂರು ಈ ಬಿಲ್ಲಿಗೆ ಏನೂ ಮಾಡುವುದಿಲ್ಲ. ಮಳೆಗಾಲದಲ್ಲಿ ಮರ ತೇವ ಎಳೆದುಕೊಂಡು ಬಿಗಿ ನಾಲ್ಕಾರು ಪೌಂಡ್ ಇಳಿಯಬಹುದು. ಆಗ ಹೊಡೆದರೆ ಸೆಟ್ ಜಾಸ್ತಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಬೀರುವಿನಲ್ಲಿ ಮಲಗಿಸಿಡಿ, ಒಂದು ಡಬ್ಬಿ ಸಿಲಿಕಾ ಜೆಲ್ ಜೊತೆಗೆ. ಸಕಲೇಶಪುರ, ಆಗುಂಬೆ ಕಡೆಗೆ ಮಳೆಯಲ್ಲಿ ಕೊಂಡೊಯ್ಯುವ ಯೋಚನೆ ಬೇಡ. ತರುವಾಗಿನ ತೊಂದರೆ ಬೇರೆ. ವಿಮಾನದಲ್ಲಿ ಸಾಮಾನಿನ ಉದ್ದ ಅಗಲ ಎತ್ತರ ಸೇರಿ 62 ಇಂಚು ಮೀರಿದರೆ ಸಾಮಾನ್ಯವಾಗಿ ಹೆಚ್ಚಿನ ಹಣ ಕೇಳುತ್ತಾರೆ. ನಿಮ್ಮ ಬಿಲ್ಲಿನ ಉದ್ದವೇ 68. ದಪ್ಪ ಪಿವಿಸಿ ಪೈಪಿನೊಳಗೆ ಹಾಕಿ, ಮೊದಲೇ ಫೋನ್ ಮಾಡಿ ಕೇಳಿ, ಲಗೇಜಿನಲ್ಲಿ ಕಳಿಸಿ.

ಇಲ್ಲಿ ಬಂದಮೇಲೆ ಇನ್ನೊಂದು ಮಾಡಬೇಕು ಅನ್ನಿಸಿದರೆ ಲೋಕಸ್ಟ್ ಹುಡುಕಬೇಡಿ. ರೊಬೀನಿಯಾವನ್ನು ಕಾಶ್ಮೀರ, ಹಿಮಾಚಲದ ಬೆಟ್ಟಗಳಲ್ಲಿ ನೆಟ್ಟಿದ್ದಾರೆ, ನಮ್ಮ ಸೆಕೆಯ ಬಯಲಿಗೆ ಅದು ಬರುವ ಮರ ಅಲ್ಲ. ನಮ್ಮಲ್ಲಿ ತಡಸಲು ಇದೆ. ಉತ್ತರದಲ್ಲಿ ಧಾಮನ್ ಅನ್ನುತ್ತಾರೆ. ಕೊಡಲಿ ಕಾವಿಗೆ, ಗಾಡಿಯ ಮೂಕಿಗೆ ಹೆಸರಾದ ಬಳುಕುವ ಮರ, ಹಿಂದಿನಿಂದಲೂ ಬಿಲ್ಲಿಗೆ ಬಳಸಿದ್ದು. ಆದರೆ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಸ್ವಂತ ಜಮೀನಿನಲ್ಲಿದ್ದರೂ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ಇಲ್ಲವಾದರೆ ಒಳಗೆ ಟೊಳ್ಳಿಲ್ಲದ ಗಟ್ಟಿ ಬಿದಿರು ತೆಗೆದುಕೊಳ್ಳಿ. ನಮ್ಮ ದೇಶದ ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗ ಬಿದಿರಿನ ಬಿಲ್ಲಿನವರಿಗೇ ಇದೆ. ಬಿದಿರಿನಲ್ಲಿ ಉಂಗುರ ಹಿಡಿಯುವ ಗೋಜಿಲ್ಲ. ಹೊರಗಿನ ಹಸಿರು ಮೈಯೇ ಬೆನ್ನು, ಅದನ್ನು ಕೆರೆಯಬಾರದು ಅನ್ನುವುದೊಂದೇ ಷರತ್ತು.